ದಿನನಿತ್ಯದ ಬದುಕಿನಲ್ಲಿ ಪ್ರೇರಣೆ

ಕೆಲಸವೊಂದನ್ನು ಶುರುಮಾಡಲು, ಅದರಲ್ಲಿ ತೊಡಗಿಕೊಂಡಿರಲು, ಅಡ್ಡಿ ಬಂದಾಗಲೂ ಕೈಬಿಡದೆ ಮುಂದುವರಿಸಲು ಮನುಷ್ಯನನ್ನು ಅಣಿಗೊಳಿಸುವ ಮನಸ್ಸಿನ ಶಕ್ತಿಗೆ ಪ್ರೇರಣೆ ಎಂದು ಹೆಸರು. ಮುಂದಕ್ಕೆ ತಳ್ಳು, ಚಲಿಸುವಂತೆ ಮಾಡು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದ ಈ ಪದ ಕನ್ನಡಿಗರಿಗೆ ಮೊದಲು ಎದುರಾಗುವುದು ಶಾಲೆಯ ವ್ಯಾಕರಣ ಪಾಠದಲ್ಲಿ. 'ಮಾಡು' ಎಂಬುದಕ್ಕೆ 'ಇಸು' ಪ್ರತ್ಯಯ ಸೇರಿ 'ಮಾಡಿಸು' ಆದರೆ ಅದು ಪ್ರೇರಣಾರ್ಥಕ ಕ್ರಿಯಾಪದ. ಅಲ್ಲಿ ಮಾಡುವವರು ಒಬ್ಬರು, ಮಾಡಿಸುವವರು ಇನ್ನೊಬ್ಬರು. ಸ್ವಂತ ಬದುಕಿನ ಪ್ರೇರಣೆ ಕಷ್ಟವಾಗುವುದು ಈ ಜಾಗದಲ್ಲಿಯೇ: ಬೆಳಗಿನ ಜಾವ ಐದಕ್ಕೆ ಏಳಬೇಕಾದವನೂ ಏಳಿಸಬೇಕಾದವನೂ ಒಬ್ಬನೇ.

ಕನ್ನಡದ ಆಡುಮಾತು ಈ ವಿಷಯದಲ್ಲಿ ಸೂಕ್ಷ್ಮವಾಗಿದೆ. ಹುಮ್ಮಸ್ಸು, ಹುರುಪು ಎಂದರೆ ಉಕ್ಕಿ ಇಳಿಯುವಂಥದ್ದು. ಹಂಬಲ ಎಂದರೆ ಒಳಗೇ ಕಾಡುವಂಥದ್ದು. ಛಲ ಎಂದರೆ ಸೋಲಿನ ಎದುರಿಗೆ ನಿಲ್ಲುವಂಥದ್ದು. ಶ್ರದ್ಧೆ ಎಂದರೆ ಸದ್ದಿಲ್ಲದೆ ಬಹುಕಾಲ ನಡೆಯುವಂಥದ್ದು. ಇನ್ನೂ ಮುಖ್ಯವಾದ ಜೋಡಿ 'ಮನಸ್ಸು ಬರುವುದು' ಮತ್ತು 'ಮನಸ್ಸು ಮಾಡುವುದು'. 'ಓದಲು ಮನಸ್ಸು ಬರಲಿಲ್ಲ' ಎನ್ನುವಾಗ ಮನಸ್ಸು ಎಲ್ಲಿಂದಲೋ ಬರಬೇಕಾದ ಅತಿಥಿ. 'ಅವಳು ಮನಸ್ಸು ಮಾಡಿದಳು' ಎನ್ನುವಾಗ ಅದು ಕೈಯಾರೆ ಮಾಡುವ ಕೆಲಸ. ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ನಡೆದ ಹಲವು ಸಂಶೋಧನೆಗಳು ತೋರಿಸಿರುವುದು, ಬರುವ ಮನಸ್ಸಿಗಿಂತ ಮಾಡುವ ಮನಸ್ಸಿಗೇ ಬಾಳಿಕೆ ಹೆಚ್ಚು ಎಂಬುದನ್ನು. ಕೆಲಸಕ್ಕೆ ಕೈ ಹಚ್ಚಿದ ಮೇಲೆ ಮನಸ್ಸು ತಾನಾಗಿ ಹಿಂದೆ ಬರುವುದೂ ಉಂಟೆಂಬುದನ್ನು.

ಪ್ರೇರಣೆಯನ್ನು ಕಂಡುಕೊಳ್ಳುವುದು ಬೇರೆ, ಉಳಿಸಿಕೊಳ್ಳುವುದು ಬೇರೆ. 'ಅಗಸ ಹೊಸತರಲ್ಲಿ ಎತ್ತೆತ್ತಿ ಒಗೆದ' ಎಂಬ ಗಾದೆ ಹೇಳುವುದು ಈ ಎರಡರ ನಡುವಿನ ಅಂತರವನ್ನೇ. ಜನವರಿ ಮೊದಲ ವಾರದ ದಿನಚರಿ ಪುಸ್ತಕ, ಯುಗಾದಿಗೆ ಶುರುವಾದ ವಾಕಿಂಗ್, ಶಾಲೆ ತೆರೆದ ಜೂನ್ ತಿಂಗಳ ವೇಳಾಪಟ್ಟಿ ಇವೆಲ್ಲ ಹುಟ್ಟುವಾಗ ಇರುವ ಬಲ ಎರಡು ತಿಂಗಳ ಬಳಿಕ ಇರುವುದಿಲ್ಲ. ಹೊಸ ವರ್ಷ, ಹುಟ್ಟುಹಬ್ಬ, ಸೋಮವಾರದಂಥ ಗಡಿದಿನಗಳಲ್ಲಿ ಜನ ಹೊಸ ಗುರಿಗಳತ್ತ ಹೆಚ್ಚಾಗಿ ಹೊರಳುತ್ತಾರೆ ಎಂಬುದು 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ದೃಢಪಟ್ಟಿತು. ಗಡಿದಿನ ಆರಂಭವನ್ನು ಕೊಡುತ್ತದೆ, ಮುಂದುವರಿಕೆಯನ್ನು ಕೊಡುವುದಿಲ್ಲ.

ಭಾರತೀಯ ಚಿಂತನೆಯಲ್ಲಿ

ಮನುಷ್ಯ ಯಾಕೆ ದುಡಿಯುತ್ತಾನೆ ಎಂಬ ಪ್ರಶ್ನೆಗೆ ಧರ್ಮ, ಅರ್ಥ, ಕಾಮ, ಮೋಕ್ಷ ಎಂಬ ನಾಲ್ಕು ಪುರುಷಾರ್ಥಗಳ ಕಲ್ಪನೆ ಹಳೆಯ ಉತ್ತರ. ಭಗವದ್ಗೀತೆಯ ಎರಡನೆಯ ಅಧ್ಯಾಯ ಗಮನವನ್ನು ಫಲದಿಂದ ಕೆಲಸದ ಕಡೆಗೆ ತಿರುಗಿಸುತ್ತದೆ. ಹದಿನೆಂಟನೆಯ ಅಧ್ಯಾಯ ಕೆಲಸ ಮಾಡುವವರನ್ನು ಸಾತ್ವಿಕ, ರಾಜಸ, ತಾಮಸ ಎಂದು ವಿಂಗಡಿಸುವಾಗ ತಾಮಸ ಕರ್ತೃವಿನ ಲಕ್ಷಣಗಳಲ್ಲಿ 'ದೀರ್ಘಸೂತ್ರಿ' ಎಂಬ ಮಾತನ್ನು ಸೇರಿಸುತ್ತದೆ: ಇಂದಿನದನ್ನು ನಾಳೆಗೆ, ನಾಳೆಯದನ್ನು ನಾಡಿದ್ದಿಗೆ ಎಳೆಯುವವನು. ಮುಂದೂಡುವ ಚಾಳಿ ಮೊಬೈಲಿನ ಕಾಲದ ಕಾಯಿಲೆಯಲ್ಲ.

ಪತಂಜಲಿಯ ಯೋಗಸೂತ್ರ ಇನ್ನೂ ವಿವರಕ್ಕೆ ಇಳಿಯುತ್ತದೆ. ಸಾಧಕನ ದಾರಿಯಲ್ಲಿ ಎದುರಾಗುವ ಒಂಬತ್ತು ಅಡ್ಡಿಗಳನ್ನು ಅದು ಹೆಸರಿಸುತ್ತದೆ: ವ್ಯಾಧಿ, ಮನಸ್ಸಿನ ಜಡತೆ, ಸಂಶಯ, ಅಜಾಗರೂಕತೆ, ಆಲಸ್ಯ, ವಿಷಯಗಳ ಸೆಳೆತ, ತಪ್ಪು ತಿಳಿವಳಿಕೆ, ಮುಂದಿನ ಮೆಟ್ಟಿಲು ಸಿಗದಿರುವುದು, ಸಿಕ್ಕ ಮೆಟ್ಟಿಲಲ್ಲಿ ನಿಲ್ಲಲಾಗದಿರುವುದು. ಜಡತೆ ಮತ್ತು ಆಲಸ್ಯವನ್ನು ಬೇರೆ ಬೇರೆ ಎಣಿಸಿರುವುದೂ, ದೇಹದ ಕಾಯಿಲೆಯನ್ನು ಎಲ್ಲಕ್ಕಿಂತ ಮೊದಲು ಇಟ್ಟಿರುವುದೂ ಗಮನಿಸಬೇಕಾದ ಸಂಗತಿಗಳು. ಅಭ್ಯಾಸ ಗಟ್ಟಿಯಾಗಲು ಅದು ಬಹುಕಾಲ, ನಡುವೆ ಕಡಿಯದೆ, ಆದರದಿಂದ ನಡೆಯಬೇಕೆಂದು ಅದೇ ಗ್ರಂಥ ಹೇಳುತ್ತದೆ.

ಕನ್ನಡದ ನೆಲದಲ್ಲಿ ಈ ಚಿಂತನೆ ಅತ್ಯಂತ ಮೂರ್ತವಾದದ್ದು 12ನೆಯ ಶತಮಾನದ ಕಲ್ಯಾಣದಲ್ಲಿ, ಶರಣರ ಕಾಯಕದ ಕಲ್ಪನೆಯಲ್ಲಿ. ಯಾವ ವೃತ್ತಿಯೂ ಕೀಳಲ್ಲ, ಸ್ವಂತ ದುಡಿಮೆಯೇ ಪೂಜೆ ಎಂಬ ನಿಲುವು ದಿನದ ದುಡಿತಕ್ಕೆ ಅರ್ಥವನ್ನು ಅದರೊಳಗಿನಿಂದಲೇ ಕೊಟ್ಟಿತು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳಿಸಿದಳೆಂಬ ಕಥೆಯನ್ನು ಪರಂಪರೆ ಉಳಿಸಿಕೊಂಡು ಬಂದಿದೆ. ಕಾಯಕ ಮರೆತು ಕೂತಾಗ ಎಚ್ಚರಿಸಿದವಳೂ ಆಕೆಯೇ. ಪ್ರೇರಣೆ ಕಡಿಮೆಯಾಗುವುದೂ ದುರಾಸೆಯಾಗಿ ಹಿಗ್ಗುವುದೂ ಎರಡೂ ದೋಷವೆಂದು ಕಂಡ ಈ ದೃಷ್ಟಿ ಇಂದಿನ ಪ್ರೇರಣಾ ಸಾಹಿತ್ಯದಲ್ಲಿ ಅಪರೂಪ.

ಆಧುನಿಕ ಮನೋವಿಜ್ಞಾನದ ಹಾದಿ

20ನೆಯ ಶತಮಾನದ ಮೊದಲರ್ಧದಲ್ಲಿ ಮನೋವಿಜ್ಞಾನಿಗಳು ಪ್ರೇರಣೆಯನ್ನು ಹಸಿವು, ಬಾಯಾರಿಕೆ, ನೋವುಗಳ ಲೆಕ್ಕದಲ್ಲಿ ವಿವರಿಸಿದರು. ದೇಹಕ್ಕೆ ಕೊರತೆಯಾದರೆ ಒತ್ತಡ ಹುಟ್ಟುತ್ತದೆ, ಕೊರತೆ ನೀಗಿದರೆ ಒತ್ತಡ ಇಳಿಯುತ್ತದೆ ಎಂಬುದು ಕ್ಲಾರ್ಕ್ ಹಲ್ ಅವರ ವಾದದ ತಿರುಳು. 1943ರಲ್ಲಿ ಏಬ್ರಹಾಂ ಮ್ಯಾಸ್ಲೊ ಅಗತ್ಯಗಳನ್ನು ಶ್ರೇಣಿಯಾಗಿ ಜೋಡಿಸಿದರು: ದೇಹದ ಅಗತ್ಯ, ಭದ್ರತೆ, ಪ್ರೀತಿ ಮತ್ತು ನಂಟು, ಗೌರವ, ಕೊನೆಗೆ ತನ್ನೊಳಗಿನ ಸಾಧ್ಯತೆ ಅರಳುವುದು. ಪಠ್ಯಪುಸ್ತಕಗಳಲ್ಲಿ ಕಾಣುವ ಪಿರಮಿಡ್ಡನ್ನು ಮ್ಯಾಸ್ಲೊ ಬರೆದದ್ದಲ್ಲ. ಅದು ಆಮೇಲೆ ಬೇರೆಯವರು ಸೇರಿಸಿದ್ದು. ಕೆಳಗಿನ ಅಗತ್ಯ ತೀರಿದ ಮೇಲೆಯೇ ಮೇಲಿನದು ಏಳುತ್ತದೆ ಎಂಬ ಬಿಗಿಯಾದ ಕ್ರಮವೂ ನಿಲ್ಲುವಂಥದ್ದಲ್ಲ. ಅರೆಹೊಟ್ಟೆಯಲ್ಲಿ ಕೂತು ಹಾಡು ಕಟ್ಟಿದವರು, ಮಕ್ಕಳನ್ನು ಓದಿಸಿದವರು ಎಲ್ಲ ಊರಿನಲ್ಲೂ ಇದ್ದಾರೆ.

ಕೊರತೆಯ ಸಿದ್ಧಾಂತಕ್ಕೆ ಮೊದಲ ಬಿರುಕು ಮೂಡಿಸಿದವು ಕೋತಿಗಳು. 1949ರ ಸುಮಾರಿಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಹಾರ್ಲೊ ರೀಸಸ್ ಕೋತಿಗಳ ಮುಂದೆ ಕೊಂಡಿ, ಚಿಲಕಗಳಿದ್ದ ಒಂದು ಒಗಟಿನ ಸಾಧನವನ್ನು ಇಟ್ಟರು. ತಿನ್ನಲು ಏನೂ ಕೊಡದಿದ್ದರೂ ಕೋತಿಗಳು ಅದನ್ನು ಬಿಚ್ಚುತ್ತ, ದಿನದಿಂದ ದಿನಕ್ಕೆ ಪಳಗುತ್ತ ಹೋದವು. ಬಹುಮಾನವಾಗಿ ಒಣದ್ರಾಕ್ಷಿ ಬಂದ ಮೇಲೆ ಅವುಗಳ ಕೈಚಳಕ ಕೆಟ್ಟಿತೇ ಹೊರತು ಸುಧಾರಿಸಲಿಲ್ಲ. ಕೆಲಸದಲ್ಲೇ ಸುಖವಿರುವ ಈ ಬಗೆಯನ್ನು ಒಳಪ್ರೇರಣೆ ಎಂದೂ, ಸಂಬಳ, ಅಂಕ, ಹೊಗಳಿಕೆ, ಭಯಗಳಿಂದ ಹುಟ್ಟುವುದನ್ನು ಹೊರಪ್ರೇರಣೆ ಎಂದೂ ಕರೆಯುವುದು ಅಲ್ಲಿಂದ ರೂಢಿಯಾಯಿತು.

ಡೇವಿಡ್ ಮೆಕ್‌ಲೆಲ್ಯಾಂಡ್ ಸಾಧನೆಯ ಹಂಬಲವನ್ನು ಅಳೆಯಲು ಹೊರಟರು. ಕಂಬಕ್ಕೆ ಬಳೆ ಎಸೆಯುವ ಆಟದಲ್ಲಿ ನಿಲ್ಲುವ ದೂರವನ್ನು ಆಟಗಾರರಿಗೇ ಬಿಟ್ಟಾಗ, ಸಾಧನೆಯ ಹಂಬಲ ಬಲವಾಗಿರುವವರು ತೀರ ಹತ್ತಿರವೂ ಅಲ್ಲದ, ತೀರ ದೂರವೂ ಅಲ್ಲದ ಜಾಗವನ್ನು ಆರಿಸಿಕೊಂಡರು. ಸೋಲು ಸಾಧ್ಯ, ಗೆಲುವೂ ಸಾಧ್ಯ, ಆದದ್ದು ತನ್ನ ಕೈಯಿಂದಲೇ ಆಯಿತೆಂದು ತಿಳಿಯುವಂಥ ದೂರ ಅದು. ಈ ಹಂಬಲವನ್ನು ಕಲಿಸಬಹುದೇ ಎಂದು ನೋಡಲು 1964ರಿಂದ ಅವರ ತಂಡ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಹೈದರಾಬಾದಿನ ಸಣ್ಣ ಉದ್ಯಮ ತರಬೇತಿ ಸಂಸ್ಥೆಯಲ್ಲಿ ಶಿಬಿರಗಳನ್ನು ನಡೆಸಿತು. ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚಾಗಿ ಹೊಸ ಉದ್ಯಮಕ್ಕೆ ಕೈಹಾಕಿದ್ದು ಮುಂದಿನ ವರ್ಷಗಳಲ್ಲಿ ಕಂಡುಬಂತು. 1969ರಲ್ಲಿ ಪುಸ್ತಕವಾಗಿ ಬಂದ ಈ ಪ್ರಯೋಗ, ಭಾರತದಲ್ಲಿ ಉದ್ಯಮಶೀಲತಾ ತರಬೇತಿ ಬೆಳೆಯಲು ಒಂದು ಮುಖ್ಯ ಕಾರಣ.

1977ರಲ್ಲಿ ಆಲ್ಬರ್ಟ್ ಬಂಡೂರ ಇನ್ನೊಂದು ತುಂಡನ್ನು ಸೇರಿಸಿದರು. ಫಲ ಬೇಕೆಂಬ ಆಸೆಯೊಂದೇ ಸಾಲದು, 'ಇದು ನನ್ನಿಂದ ಆಗುತ್ತದೆ' ಎಂಬ ನಂಬಿಕೆ ಇರಬೇಕು. ಆ ನಂಬಿಕೆ ಭಾಷಣದಿಂದ ಹುಟ್ಟುವುದು ಕಡಿಮೆ. ಚಿಕ್ಕದೊಂದನ್ನು ನಿಜವಾಗಿ ಮಾಡಿ ಮುಗಿಸಿದ ಅನುಭವದಿಂದ ಹುಟ್ಟುವುದೇ ಹೆಚ್ಚು. ಕರ್ನಾಟಕ ಸಂಗೀತದ ಪಾಠಕ್ರಮ ಇದಕ್ಕೆ ಮಾದರಿಯಂತಿದೆ. ಪುರಂದರದಾಸರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಆ ಕ್ರಮದಲ್ಲಿ ಮೊದಲು ಸರಳೆ ವರಸೆ, ಆಮೇಲೆ ಜಂಟಿ ವರಸೆ, ಅಲಂಕಾರ, ಗೀತೆ. ಪ್ರತಿ ವರಸೆಯೂ ಹಿಂದಿನದಕ್ಕಿಂತ ಒಂದೆಳೆಯಷ್ಟೇ ಕಷ್ಟ. ಕಲಿತದ್ದನ್ನೇ ಒಂದನೆಯ ಕಾಲದಲ್ಲಿ, ಎರಡನೆಯ ಕಾಲದಲ್ಲಿ, ಮೂರನೆಯ ಕಾಲದಲ್ಲಿ ಹಾಡಬೇಕು. ಎಂಟು ವರ್ಷದ ಮಗು ತೊಡೆಯ ಮೇಲೆ ತಾಳ ಹಾಕುತ್ತ ಮೂರನೆಯ ಕಾಲವನ್ನು ತಪ್ಪದೆ ಮುಗಿಸಿ ಗುರುವಿನ ಮುಖ ನೋಡುವ ಕ್ಷಣದಲ್ಲಿ ಮರುದಿನದ ಪಾಠಕ್ಕೆ ಬೇಕಾದ ಮನಸ್ಸು ತಯಾರಾಗಿರುತ್ತದೆ.

ಮಿದುಳಿನಲ್ಲಿ

1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್, ಇಲಿಯ ಮಿದುಳಿನ ಕೆಲವು ಭಾಗಗಳಿಗೆ ಸಣ್ಣ ವಿದ್ಯುತ್ ಪ್ರಚೋದನೆ ಸಿಗುವಂತೆ ಮಾಡಿದರೆ ಇಲಿ ಅದಕ್ಕಾಗಿ ಮತ್ತೆ ಮತ್ತೆ ಸನ್ನೆಗೋಲನ್ನು ಒತ್ತುತ್ತದೆ ಎಂದು ಕಂಡರು. ಈ ಜಾಲದಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಪಾತ್ರ ದೊಡ್ಡದು. ಪತ್ರಿಕೆಗಳು ಅದನ್ನು 'ಸುಖದ ರಾಸಾಯನಿಕ' ಎಂದು ಕರೆಯುವುದುಂಟು; ಅದು ಸರಿಯಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಡೋಪಮೈನ್ ಬಹುತೇಕ ಇಲ್ಲವಾದ ಇಲಿಗಳನ್ನು ಗಮನಿಸಿದರು. ನಾಲಿಗೆಗೆ ಸಿಹಿ ತಾಗಿಸಿದರೆ ಅವು ಎಂದಿನಂತೆ ಚಪ್ಪರಿಸುತ್ತಿದ್ದವು. ಆದರೆ ಮುಂದಿಟ್ಟ ಆಹಾರದ ಬಳಿಗೆ ತಾವಾಗಿ ಹೋಗುತ್ತಿರಲಿಲ್ಲ. ಇಷ್ಟಪಡುವುದು ಬೇರೆ, ಬೇಕೆಂದು ಎದ್ದು ಹೊರಡುವುದು ಬೇರೆ. ಡೋಪಮೈನ್ ಎರಡನೆಯದಕ್ಕೆ ಸೇರಿದ್ದು. 'ಹಾಡುವುದೆಂದರೆ ನನಗೆ ಪ್ರಾಣ, ಆದರೆ ತಂಬೂರಿ ಮುಟ್ಟಿ ಆರು ತಿಂಗಳಾಯಿತು' ಎನ್ನುವವರ ಮಾತು ಸುಳ್ಳಾಗಿರಬೇಕಿಲ್ಲ.

ವುಲ್ಫ್ರಾಮ್ ಶುಲ್ಟ್ಸ್ 1990ರ ದಶಕದಲ್ಲಿ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳು ಮತ್ತೊಂದನ್ನು ತಿಳಿಸಿದವು. ನಿರೀಕ್ಷೆ ಇಲ್ಲದೆ ಹಣ್ಣಿನ ರಸ ಸಿಕ್ಕಾಗ ಡೋಪಮೈನ್ ನರಕೋಶಗಳು ಚುರುಕಾದವು. ಮುನ್ಸೂಚನೆ ಕೊಟ್ಟು ರಸ ಕೊಡುವುದು ರೂಢಿಯಾದ ಮೇಲೆ ಆ ಚುರುಕು ರಸದಿಂದ ಸೂಚನೆಗೆ ದಾಟಿತು. ಸೂಚನೆ ಬಂದು ರಸ ಬಾರದಿದ್ದರೆ ಅವುಗಳ ಚಟುವಟಿಕೆ ಎಂದಿನ ಮಟ್ಟಕ್ಕಿಂತ ಕೆಳಗಿಳಿಯಿತು. ಫೋನಿನ ಟಿಣ್ ಸದ್ದು ಕೈಯನ್ನು ಎಳೆಯುವುದು, ಹೊಸ ಕೆಲಸದ ರೋಮಾಂಚನ ಮೂರನೆಯ ತಿಂಗಳಿಗೆ ಆರುವುದು, ಅತಿಯಾಗಿ ನಿರೀಕ್ಷಿಸಿದ ಫಲಿತಾಂಶ ಸಾಧಾರಣವಾಗಿ ಬಂದಾಗ ಕೈಕಾಲು ಸೋಲುವುದು ಇವುಗಳ ಹಿಂದೆ ಇದೇ ಬಗೆಯ ಲೆಕ್ಕಾಚಾರದ ಕೈವಾಡವಿದೆ.

ಬಹುಮಾನದ ಎರಡು ಮುಖ

ಬಹುಮಾನ ಕೊಟ್ಟರೆ ಉತ್ಸಾಹ ಹೆಚ್ಚುತ್ತದೆ ಎಂಬುದು ಮನೆ, ಶಾಲೆ, ಕಚೇರಿಗಳ ಸಾಮಾನ್ಯ ನಂಬಿಕೆ. ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗ ಈ ನಂಬಿಕೆಯನ್ನು ಅಲುಗಿಸಿತು. ಏಳು ತುಂಡುಗಳ ಸೋಮಾ ಎಂಬ ಒಗಟನ್ನು ಬಿಡಿಸಲು ಕಾಲೇಜು ವಿದ್ಯಾರ್ಥಿಗಳನ್ನು ಮೂರು ಬಾರಿ ಕೂರಿಸಲಾಯಿತು. ಎರಡನೆಯ ಬಾರಿ ಒಂದು ಗುಂಪಿಗೆ ಮಾತ್ರ ಬಿಡಿಸಿದ ಪ್ರತಿ ಒಗಟಿಗೆ ಒಂದು ಡಾಲರ್ ಸಿಕ್ಕಿತು. ಪ್ರತಿಸಲವೂ ನಡುವೆ ಪ್ರಯೋಗಕಾರರು ಎಂಟು ನಿಮಿಷ ಹೊರಗೆ ಹೋಗುತ್ತಿದ್ದರು. ಮೇಜಿನ ಮೇಲೆ ಪತ್ರಿಕೆಗಳಿದ್ದವು, ಒಗಟೂ ಇತ್ತು. ಯಾರೂ ನೋಡುತ್ತಿಲ್ಲವೆಂದು ತಿಳಿದ ಆ ಎಂಟು ನಿಮಿಷದಲ್ಲಿ ಯಾರು ಏನು ಮಾಡುತ್ತಾರೆ ಎಂಬುದೇ ನಿಜವಾದ ಪರೀಕ್ಷೆ. ಮೂರನೆಯ ಬಾರಿ ಹಣ ನಿಂತಾಗ, ಹಿಂದೆ ಹಣ ಪಡೆದವರು ಒಗಟನ್ನು ಮೊದಲಿನಷ್ಟೂ ಮುಟ್ಟಲಿಲ್ಲ.

ಎರಡು ವರ್ಷದ ನಂತರ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ, ಬಣ್ಣದ ಸ್ಕೆಚ್ ಪೆನ್ನಿನಿಂದ ಚಿತ್ರ ಬರೆಯುವುದೆಂದರೆ ಇಷ್ಟವಿದ್ದ ಮೂರರಿಂದ ಐದು ವರ್ಷದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ಬಂಗಾರದ ನಕ್ಷತ್ರ, ರಿಬ್ಬನ್ ಅಂಟಿಸಿದ ಪ್ರಮಾಣಪತ್ರ ಕೊಡುತ್ತೇವೆಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು. ಉಳಿದವರಿಗೆ ಕೊಡಲೇ ಇಲ್ಲ. ಒಂದೆರಡು ವಾರದ ಬಳಿಕ ನೋಡಿದಾಗ, ಮೊದಲೇ ಆಸೆ ತೋರಿಸಿದ ಮಕ್ಕಳು ಉಳಿದ ಎರಡೂ ಗುಂಪಿನವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಆಟವಾಗಿದ್ದದ್ದು ಅವರಿಗೆ ಕೂಲಿಯ ಕೆಲಸವಾಗಿತ್ತು. ಹೇಳದೆ ಕೊಟ್ಟ ಬಹುಮಾನ ಯಾವ ಕೆಡುಕನ್ನೂ ಮಾಡಲಿಲ್ಲ. ಮಗುವಿಗೆ 'ಇಷ್ಟು ಪುಟ ಓದಿದರೆ ಚಾಕೊಲೇಟ್' ಎನ್ನುವ ಮುನ್ನ, ಅದಕ್ಕೆ ಓದು ಈಗಾಗಲೇ ಇಷ್ಟವಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಇಷ್ಟವೇ ಇಲ್ಲದ ಕೆಲಸಕ್ಕೆ ಬಹುಮಾನದಿಂದ ಇಂಥ ನಷ್ಟವಿಲ್ಲ. ಕಳೆದುಕೊಳ್ಳಲು ಅಲ್ಲಿ ಒಳಪ್ರೇರಣೆಯೇ ಇರುವುದಿಲ್ಲ.

ಡೆಸಿ ಮತ್ತು ರಿಚರ್ಡ್ ರಯನ್ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಈ ಹಾದಿಯನ್ನು ಮುಂದುವರಿಸಿ ಸ್ವನಿರ್ಧಾರ ಸಿದ್ಧಾಂತವನ್ನು ರೂಪಿಸಿದರು. ಅದರ ಪ್ರಕಾರ ಪ್ರೇರಣೆಗೆ ಮೂರು ಬೇರುಗಳು: ಇದು ನನ್ನ ಆಯ್ಕೆ ಎಂಬ ಭಾವ, ಇದರಲ್ಲಿ ಪಳಗುತ್ತಿದ್ದೇನೆ ಎಂಬ ಭಾವ, ಇದರಲ್ಲಿ ಬೇರೆಯವರೊಂದಿಗೆ ನಂಟಿದೆ ಎಂಬ ಭಾವ. ಪಾತ್ರೆ ತೊಳೆಯುವುದು, ತೆರಿಗೆ ಲೆಕ್ಕ ಬರೆಯುವುದು, ವಯಸ್ಸಾದ ಅತ್ತೆಯ ಔಷಧದ ವೇಳೆ ನೋಡುವುದು ಯಾರಿಗೂ ಆಟವಲ್ಲ. ಆದರೆ ಯಾಕೆ ಮಾಡುತ್ತಿದ್ದೇನೆ ಎಂಬುದು ತನ್ನದೇ ಮೌಲ್ಯವಾಗಿ ಒಳಗೆ ಇಳಿದಿದ್ದರೆ, ಇಂಥ ಕೆಲಸವೂ ಭಾರವೆನಿಸದೆ ವರ್ಷಗಟ್ಟಲೆ ನಡೆಯುತ್ತದೆ. ದಿನನಿತ್ಯದ ಬದುಕಿನಲ್ಲಿ ಒಳಪ್ರೇರಣೆಗಿಂತ ಹೀಗೆ ಒಳಗಿಳಿದ ಹೊರಪ್ರೇರಣೆಯೇ ಹೆಚ್ಚು ಭಾರ ಹೊರುತ್ತದೆ. 'ನಿನಗೆ ಇಷ್ಟವಾದದ್ದನ್ನೇ ಮಾಡು' ಎಂಬ ಸಲಹೆ ಈ ದೊಡ್ಡ ಭಾಗವನ್ನು ಮರೆಯುತ್ತದೆ.

ಶುರುಮಾಡುವುದು

ಗುರಿ ಹೇಗಿರಬೇಕು ಎಂಬುದರ ಬಗ್ಗೆ ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಅವರ ಕೆಲಸ ಪ್ರಸಿದ್ಧ. ಲೇಥಮ್ ಅವರ ಒಂದು ಅಧ್ಯಯನದಲ್ಲಿ, ಮರದ ದಿಮ್ಮಿ ಸಾಗಿಸುವ ಲಾರಿಗಳು ಕಾನೂನು ಒಪ್ಪುವ ತೂಕದ ಸುಮಾರು ಶೇ 60ರಷ್ಟನ್ನೇ ಹೇರಿಕೊಂಡು ಹೋಗುತ್ತಿದ್ದವು. 'ಆದಷ್ಟು ಮಾಡಿ' ಎಂದಾಗ ಏನೂ ಬದಲಾಗಲಿಲ್ಲ. ಶೇ 94 ಎಂಬ ಖಚಿತ ಗುರಿ ಕೊಟ್ಟಾಗ ಹೇರಿಕೆ ಶೇ 90ರ ಆಸುಪಾಸಿಗೆ ಏರಿತು. 1975ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಬದಲಾದದ್ದು ಗುರಿಯ ಖಚಿತತೆ ಮಾತ್ರ.

ಗುರಿಗಿಂತಲೂ ಒಂದು ಹೆಜ್ಜೆ ಮುಂದಿನದು, ಅದನ್ನು ಯಾವಾಗ, ಎಲ್ಲಿ ಎಂದು ಗಂಟು ಹಾಕುವುದು. ಜರ್ಮನಿಯ ಪೀಟರ್ ಗಾಲ್ವಿಟ್ಸರ್ ಇದನ್ನು 'ಹೀಗಾದಾಗ ಹೀಗೆ ಮಾಡುತ್ತೇನೆ' ಎಂಬ ರೂಪದಲ್ಲಿ ಇಟ್ಟರು. 2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳಿಗೆ ಮುಂದಿನ ವಾರ ಒಮ್ಮೆಯಾದರೂ 20 ನಿಮಿಷ ಚುರುಕಾದ ವ್ಯಾಯಾಮ ಮಾಡುವಂತೆ ಹೇಳಲಾಯಿತು. ಏನೂ ಹೇಳಿಕೊಡದ ಗುಂಪಿನಲ್ಲಿ ಶೇ 38, ಹೃದ್ರೋಗದ ಅಪಾಯ ವಿವರಿಸುವ ಹುರಿದುಂಬಿಸುವ ಬರಹ ಓದಿದ ಗುಂಪಿನಲ್ಲಿ ಶೇ 35 ಮಂದಿ ಮಾಡಿದರು. ಬರಹದ ಜೊತೆಗೆ ದಿನ, ಹೊತ್ತು, ಜಾಗವನ್ನು ಕಾಗದದ ಮೇಲೆ ಬರೆದವರಲ್ಲಿ ಮಾಡಿದವರು ಶೇ 91. ಹುರಿದುಂಬಿಸುವ ಮಾತು ಒಂದೇ ಇದ್ದಾಗ ಎಷ್ಟು ನಿಷ್ಫಲ ಎಂಬುದು ಈ ಅಂಕಿಗಳಲ್ಲಿ ಬಯಲಾಗಿದೆ. ಮನೆಮಾತಿನಲ್ಲಿ ಇದರ ರೂಪ ಸರಳ: 'ದಿನಾ ವಾಕಿಂಗ್ ಹೋಗಬೇಕು' ಎನ್ನುವ ಬದಲು 'ಹಾಲಿನ ಪ್ಯಾಕೆಟ್ ಒಳಗಿಟ್ಟ ಕೂಡಲೇ ಬೂಟು ಹಾಕುತ್ತೇನೆ' ಎನ್ನುವುದು, ಬೂಟನ್ನು ಹಿಂದಿನ ರಾತ್ರಿಯೇ ಬಾಗಿಲ ಬಳಿ ಇಡುವುದು. ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ತೀರ್ಮಾನಿಸಬೇಕಾದದ್ದು ಆಗ ಏನೂ ಉಳಿದಿರುವುದಿಲ್ಲ.

ಮುಂದೂಡುವಿಕೆಯನ್ನು ಸಮಯ ನಿರ್ವಹಣೆಯ ದೋಷವೆಂದು ಮೊದಲು ಭಾವಿಸಲಾಗಿತ್ತು. ಈಗಿನ ಸಂಶೋಧಕರಲ್ಲಿ ಹಲವರು ಅದನ್ನು ಭಾವನೆಯ ತೊಡಕಾಗಿ ನೋಡುತ್ತಾರೆ. ಕೆಲಸ ನೆನೆದೊಡನೆ ಭಯ, ಬೇಸರ, ಅನುಮಾನ ಏಳುತ್ತವೆ. ಬೇರೆ ಕಡೆ ತಿರುಗಿದರೆ ಆ ಕ್ಷಣಕ್ಕೆ ಹಗುರಾಗುತ್ತದೆ. ಆ ಹಗುರವೇ ಚಾಳಿಯನ್ನು ಬಲಪಡಿಸುತ್ತದೆ. ಅದಕ್ಕಾಗಿಯೇ ಬಯ್ಗುಳ ಕೆಲಸ ಮಾಡುವುದಿಲ್ಲ, ಅದು ಭಯಕ್ಕೆ ಇನ್ನಷ್ಟು ಸೇರಿಸುತ್ತದೆ. ಕೆಲಸದ ಮೊದಲ ತುಣುಕನ್ನು ಹೆದರಿಕೆಯಾಗದಷ್ಟು ಚಿಕ್ಕದು ಮಾಡಿಕೊಳ್ಳುವುದು, ಎಂದರೆ ಪುಸ್ತಕ ತೆರೆದು ಒಂದು ಪುಟ, ಅರ್ಜಿಯ ಮೊದಲ ಕಾಲಂ, ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮುಂದುವರಿಸುವುದು

ಇಚ್ಛಾಶಕ್ತಿ ಸ್ನಾಯುವಿನಂತೆ ಬಳಸಿದಷ್ಟೂ ದಣಿಯುತ್ತದೆ ಎಂಬ ವಾದ 1998ರಲ್ಲಿ ರಾಯ್ ಬೌಮೈಸ್ಟರ್ ತಂಡದ ಪ್ರಯೋಗದಿಂದ ಮನೆಮಾತಾಯಿತು. ಮುಂದೆ ಬಿಸ್ಕತ್ತಿದ್ದರೂ ಮೂಲಂಗಿ ಮಾತ್ರ ತಿನ್ನಬೇಕಾದವರು ಕಷ್ಟದ ಒಗಟನ್ನು ಬೇಗ ಕೈಬಿಟ್ಟರು. 2016ರಲ್ಲಿ 23 ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರೊಂದಿಗೆ ಇದೇ ವಾದವನ್ನು ಬೇರೊಂದು ವಿಧಾನದಿಂದ ಪರೀಕ್ಷಿಸಿದಾಗ ಪರಿಣಾಮ ಬಹುತೇಕ ಕಾಣಲಿಲ್ಲ. ಇಚ್ಛಾಶಕ್ತಿ ದಣಿಯುತ್ತದೆ ಎಂಬುದಕ್ಕೆ ಆಧಾರ ಗಟ್ಟಿಯಲ್ಲ; ಹಾಗೆಂದು ಬರಿ ಸಂಕಲ್ಪದ ಬಲವನ್ನು ನಂಬಿ ಕೂರಬೇಕಿಲ್ಲ.

ಸಂಕಲ್ಪದ ಭಾರ ಇಳಿಸುವುದು ಅಭ್ಯಾಸ. 'ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ' ಎಂಬ ಮಾತು ಹರಡಿದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕದಿಂದ. ಆತ ಹೇಳಿದ್ದು ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಅಷ್ಟು ದಿನ ಬೇಕೆಂದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ 96 ಜನರನ್ನು 12 ವಾರ ಗಮನಿಸಿದಾಗ, ಒಂದು ಲೋಟ ನೀರು ಕುಡಿಯುವುದು, ಊಟದ ಜೊತೆ ಹಣ್ಣು ತಿನ್ನುವುದು, ಸಂಜೆ ಓಡುವುದು ಮೊದಲಾದವು ಯೋಚಿಸದೆ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕಾಯಿತು. ವ್ಯಕ್ತಿಯಿಂದ ವ್ಯಕ್ತಿಗೆ ಈ ಅವಧಿ 18 ದಿನದಿಂದ 254 ದಿನದವರೆಗೆ ಬದಲಾಗುತ್ತದೆಂದು ಲೆಕ್ಕ ಹೇಳಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೆಡಲಿಲ್ಲ. ಇದು ಸಮಾಧಾನ ಕೊಡುವ ಫಲಿತಾಂಶ. ಒಂದು ದಿನ ತಪ್ಪಿತೆಂದು ಇಡೀ ವ್ರತವೇ ಭಂಗವಾಯಿತೆಂದುಕೊಳ್ಳುವವರೇ ಹೆಚ್ಚಾಗಿ ಬಿಟ್ಟುಬಿಡುತ್ತಾರೆ.

ಇನ್ನೊಂದು ಆಸರೆ ಜೊತೆಯವರು. ಸೈಕಲ್ ಸವಾರರು ಒಂಟಿಯಾಗಿ ಓಡಿಸುವುದಕ್ಕಿಂತ ಜೊತೆಯಲ್ಲಿ ವೇಗವಾಗಿ ಓಡಿಸುತ್ತಾರೆಂದು ನಾರ್ಮನ್ ಟ್ರಿಪ್ಲೆಟ್ 1898ರಲ್ಲಿಯೇ ಬರೆದಿದ್ದರು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ತುಂಬಿರುವ ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ರೂಮಿನಲ್ಲಿ ಮೇಜು ಕುರ್ಚಿ ಇದ್ದರೂ ತಿಂಗಳ ಹಣ ಕೊಟ್ಟು ರೀಡಿಂಗ್ ರೂಮಿಗೆ ಹೋಗಿ ಓದುವವರಿದ್ದಾರೆ. ಪಕ್ಕದಲ್ಲಿ ಕೂತವರ ಹೆಸರೂ ಗೊತ್ತಿರುವುದಿಲ್ಲ. ಆದರೆ ಅವರ ಪುಟ ತಿರುಗುವ ಸದ್ದು ಕೇಳುತ್ತಿರುವಾಗ ಫೋನ್ ತೆಗೆಯಲು ಕೈ ಹಿಂಜರಿಯುತ್ತದೆ. ಹಳ್ಳಿಯ ಸ್ತ್ರೀಶಕ್ತಿ ಸಂಘಗಳೂ ಹೀಗೆಯೇ. ವಾರಕ್ಕೊಮ್ಮೆ ಗೊತ್ತಾದ ದಿನ ಎಲ್ಲರೂ ಸೇರುವಾಗ ಚಿಕ್ಕ ಮೊತ್ತವನ್ನು ಕಟ್ಟಲೇಬೇಕಾಗುತ್ತದೆ. ಮನೆಯ ಡಬ್ಬಿಯಲ್ಲಿ ಎಂದೂ ಉಳಿಯದ ಹಣ ಪುಸ್ತಕದಲ್ಲಿ ಉಳಿಯುತ್ತದೆ.

ಹುಲಿಕಲ್ಲಿನ ಸಾಲುಮರ

ಮೇಲಿನ ಎಳೆಗಳೆಲ್ಲ ಒಂದೇ ಬದುಕಿನಲ್ಲಿ ಕೂಡಿ ಬಂದದ್ದನ್ನು ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿಗೆ ಹೋಗುವ ರಸ್ತೆಯಲ್ಲಿ ಇಂದೂ ಕಣ್ಣಾರೆ ನೋಡಬಹುದು. ಶಾಲೆಗೆ ಹೋಗದೆ ಕೂಲಿ ಮಾಡಿ ಬದುಕಿದ ತಿಮ್ಮಕ್ಕ ಮತ್ತು ಗಂಡ ಚಿಕ್ಕಯ್ಯ ಮಕ್ಕಳಾಗದ ನೋವಿನಲ್ಲಿ ಆಲದ ಸಸಿಗಳನ್ನು ನೆಡಲು ಹೊರಟರು. ಮೊದಲ ವರ್ಷ ನೆಟ್ಟದ್ದು 10, ಎರಡನೆಯ ವರ್ಷ 15, ಮೂರನೆಯ ವರ್ಷ 20. ನೂರು ಮರದ ಗುರಿಯಿಟ್ಟು ಹೊರಟವರಲ್ಲ. ಹೋದ ವರ್ಷದ್ದು ಬದುಕಿದೆ, ಈ ವರ್ಷ ಇನ್ನೈದು ಆದೀತು ಎಂಬ ಲೆಕ್ಕ. ನೆಡುವುದು ಮಳೆಗಾಲದಲ್ಲಿ, ಆಮೇಲೆ ಬಿಂದಿಗೆಗಳಲ್ಲಿ ನೀರು ಹೊತ್ತು ಎರೆಯುವುದು, ದನಕರು ಮೇಯದಂತೆ ಮುಳ್ಳಿನ ಬೇಲಿ ಕಟ್ಟುವುದು. ಕೂಲಿ ಮುಗಿದ ಮೇಲೆ ಈ ಕೆಲಸ. ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ 380ಕ್ಕೂ ಹೆಚ್ಚು ಆಲದ ಮರಗಳು ಹೀಗೆ ಬೆಳೆದವು. ಚಿಕ್ಕಯ್ಯ 1991ರಲ್ಲಿ ತೀರಿಕೊಂಡರು. 'ಸಾಲುಮರದ ತಿಮ್ಮಕ್ಕ' ಎಂಬ ಹೆಸರು ನಾಡಿಗೆ ಗೊತ್ತಾದದ್ದು, ಪ್ರಶಸ್ತಿಗಳು ಬರಲು ಶುರುವಾದದ್ದು ಆಮೇಲೆ. ಪದ್ಮಶ್ರೀ ಬಂದದ್ದು 2019ರಲ್ಲಿ.

ದಶಕಗಳ ಕಾಲ ಹೊರಗಿನಿಂದ ಯಾವ ಬಹುಮಾನವೂ ಇಲ್ಲದೆ ನಡೆದ ಈ ಕೆಲಸಕ್ಕೆ ಆಸರೆಯಾಗಿದ್ದವು ನಾಲ್ಕಾರು ಸಾಮಾನ್ಯ ಸಂಗತಿಗಳು: ತನ್ನದೇ ಆಯ್ಕೆ, ಜೊತೆಗೊಬ್ಬರು, ಋತುವಿಗೆ ಕಟ್ಟಿದ ಕ್ರಮ, ಕೈಗೆಟುಕುವ ಸಂಖ್ಯೆ, ಕಣ್ಣೆದುರು ಎತ್ತರವಾಗುವ ಫಲ. ಎಲ್ಲಕ್ಕಿಂತ ಆಳದಲ್ಲಿ, ಆ ಮರಗಳು ಅವರಿಗೆ ಮಕ್ಕಳು. ನೋವು ಪ್ರೇರಣೆಯಾಗಿ ಮಾರ್ಪಡಬಲ್ಲದು ಎಂಬುದಕ್ಕೆ ಇದಕ್ಕಿಂತ ನೆರಳುಳ್ಳ ಸಾಕ್ಷಿ ಸಿಗುವುದು ಕಷ್ಟ.

ಪ್ರೇರಣೆ ಬತ್ತಿದಾಗ

ಎಲ್ಲ ಉದಾಸೀನವೂ ಸೋಮಾರಿತನವಲ್ಲ. ಪತಂಜಲಿಯ ಪಟ್ಟಿಯಲ್ಲಿ ವ್ಯಾಧಿ ಮೊದಲು ಬಂದಂತೆ, ಇಲ್ಲಿಯೂ ದೇಹವನ್ನು ಮೊದಲು ನೋಡಬೇಕು. ರಕ್ತಹೀನತೆ, ಥೈರಾಯ್ಡ್ ಕೊರತೆ, ಹಿಡಿತ ತಪ್ಪಿದ ಸಕ್ಕರೆ ಕಾಯಿಲೆ, ತಿಂಗಳುಗಟ್ಟಲೆ ನಿದ್ದೆಗೆಟ್ಟ ಬದುಕು ಇವು ಯಾವ ಸಂಕಲ್ಪವನ್ನಾದರೂ ಅಡಗಿಸುತ್ತವೆ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ಹೆಂಗಸಿಗೆ ಸುಸ್ತಾದರೆ ಅದನ್ನು ಮನಸ್ಸಿಲ್ಲದಿರುವಿಕೆ ಎನ್ನುವ ಮೊದಲು ಹಿಮೋಗ್ಲೋಬಿನ್ ನೋಡಿಸುವುದು ನ್ಯಾಯ.

ಇನ್ನೊಂದು ಕಾರಣ, ಮಾಡಿದ್ದಕ್ಕೂ ಆದದ್ದಕ್ಕೂ ಸಂಬಂಧ ಕಡಿದುಹೋಗುವುದು. ಏನು ಮಾಡಿದರೂ ಪೆಟ್ಟು ತಪ್ಪದ ಪರಿಸ್ಥಿತಿಯಲ್ಲಿ ಪ್ರಾಣಿಗಳು ಪ್ರಯತ್ನವನ್ನೇ ಬಿಡುತ್ತವೆ ಎಂದು ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೈಯರ್ 1967ರಲ್ಲಿ ತೋರಿಸಿದರು. ಸುಮಾರು ಐವತ್ತು ವರ್ಷದ ಬಳಿಕ ಅವರೇ ತಮ್ಮ ವಿವರಣೆಯನ್ನು ತಿರುಗಿಸಿ ಬರೆದರು: ಅಸಹಾಯಕತೆ ಕಲಿತದ್ದಲ್ಲ, ದೀರ್ಘ ಕಷ್ಟಕ್ಕೆ ಅದು ಸಹಜ ಪ್ರತಿಕ್ರಿಯೆ; ಕಲಿಯಬೇಕಾದದ್ದು ಪರಿಸ್ಥಿತಿಯ ಮೇಲೆ ತನ್ನ ಹಿಡಿತವಿದೆ ಎಂಬುದನ್ನು. ಹಿಡಿತವೇ ಇಲ್ಲದ ನೌಕರಿ, ಹಿಂಸೆಯ ಮನೆ, ತೀರದ ಸಾಲ ಇವುಗಳ ನಡುವೆ ಇರುವವರಿಗೆ ಬೇಕಾದದ್ದು ಪ್ರೇರಣೆಯ ಪಾಠವಲ್ಲ, ಪರಿಸ್ಥಿತಿಯ ಬದಲಾವಣೆ.

ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ, ದಿನದ ಬಹುಹೊತ್ತು ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಹಿಂದೆ ಹಿತವಾಗಿದ್ದದ್ದೂ ರುಚಿಸದಿರುವುದು, ನಿದ್ದೆ ಮತ್ತು ಹಸಿವು ಏರುಪೇರಾಗುವುದು ಖಿನ್ನತೆಯ ಲಕ್ಷಣಗಳಾಗಿರಬಹುದು. ಪೀಟರ್ ಲೂಯಿನ್ಸನ್ 1970ರ ದಶಕದಲ್ಲಿ ಬೆಳೆಸಿದ ಚಿಕಿತ್ಸಾ ಕ್ರಮದಲ್ಲಿ ಮನಸ್ಸು ಬರುವವರೆಗೆ ಕಾಯುವುದಿಲ್ಲ. ಒಂದೊಂದೇ ಚಿಕ್ಕ ಚಟುವಟಿಕೆಯನ್ನು ದಿನದ ಪಟ್ಟಿಯಲ್ಲಿ ಬರೆದು ಮಾಡುತ್ತ ಹೋಗುವುದು, ಮಾಡಿದ ಮೇಲೆ ಹೇಗನಿಸಿತೆಂದು ಗುರುತಿಸುವುದು ಅದರ ಕ್ರಮ. ಗೋವಾದ ಸಂಗಾತ್ ಸಂಸ್ಥೆ ಇದೇ ತತ್ವದ ಮೇಲೆ ರೂಪಿಸಿದ ಕಾರ್ಯಕ್ರಮದಲ್ಲಿ ಮನೋವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯ ಆಪ್ತಸಲಹೆಗಾರರು ಆರರಿಂದ ಎಂಟು ಭೇಟಿಗಳಲ್ಲಿ ರೋಗಿಗಳಿಗೆ ನೆರವಾದರು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ ಆ ಪ್ರಯೋಗದ ಒಳ್ಳೆಯ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಭಾರತದಲ್ಲಿ 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿಗೆ 14416 ಎಂಬ ಸಂಖ್ಯೆಯಲ್ಲಿ ದಿನದ 24 ಗಂಟೆಯೂ ಉಚಿತವಾಗಿ ಕರೆಮಾಡಬಹುದು; ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್, ಮಾತುಕತೆ ಕನ್ನಡದಲ್ಲಿಯೂ ಸಾಧ್ಯ.